ಮುಚ್ಚಳ ತೆಗೆಸುವ ಮುಸೆಕಿವಾ ಅಮ್ಮ
ಮುಟಾರೆ ಸೀಮೆಯ ವೃದ್ಧಾಶ್ರಮಗಳಲ್ಲಿ, ಸರ್ಕಾರಿ ತಪಾಸಣೆಯ ಮುಸೆಕಿವಾ ಅಮ್ಮ ಬರುತ್ತಾರೆಂದರೆ ಪಾತ್ರೆಪಗಡಗಳಿಗೂ ನಡುಕ. ಚಹಾ ತಂದಿಟ್ಟರೆ, “ಚಹಾ ಆಮೇಲಾಯ್ತು ಕಣಮ್ಮ, ಮೊದಲು ಮುಚ್ಚಳ ತೆಗಿ” ಎಂದು ನೆಟ್ಟಗೆ ಒಲೆಯ ಬಳಿಗೇ ನಡೆಯುತ್ತಾರೆ. ಹಾಸಿಗೆ ಮೆತ್ತಗಿದೆಯೇ ಎಂದು ಮಲಗಿ ನೋಡಲು ಹೋಗಿ ಒಮ್ಮೆ ಗೊರಕೆ ಹೊಡೆದದ್ದೂ ಉಂಟು. ತಪಾಸಣೆಯ ದಿನ ಅವೇ ಹೊಸ ಕಂಬಳಿಗಳು ಆಶ್ರಮದಿಂದ ಆಶ್ರಮಕ್ಕೆ ವ್ಯಾನು ಹತ್ತುತ್ತವೆಂಬ ಗುಮಾನಿ ಬಂದಾಗ, ಸದ್ದಿಲ್ಲದೆ ಒಂದರ ಮೂಲೆಗೆ ಕೆಂಪು ದಾರ ಹೊಲಿದು ಬಂದರು; ಮುಂದಿನ ಆಶ್ರಮದಲ್ಲಿ ಅದನ್ನೇ ಎತ್ತಿ ಹಿಡಿದು, “ನನಗಿಂತ ಜಾಸ್ತಿ ಊರು ಸುತ್ತಿದೆಯಲ್ಲಮ್ಮ ಇದು! ಇದಕ್ಕೂ ಪ್ರಯಾಣ ಭತ್ಯೆ ಕೊಡ್ತೀರಾ?” ಎಂದರು. ಇಂಥ ಹೆಂಗಸು ಮುದುಕರ ಮುಂದೆ ಮಾತ್ರ, ಆ ಸೀಮೆಯಲ್ಲಿ ಹಿರಿಯರಿಗೆ ಗೌರವ ತೋರುವ ಪದ್ಧತಿಯಂತೆ ಮಂಡಿಯೂರಿ, ಮೆಲ್ಲಗೆ ಚಪ್ಪಾಳೆ ತಟ್ಟಿ, ಒಬ್ಬೊಬ್ಬರನ್ನೂ ಕುಲದ ಹೆಸರಿನಿಂದ ಕರೆದೇ ಮಾತಿಗಿಳಿಯುವುದು: ಸಿಂಹದ ಕುಲದ ಅಜ್ಜ, ಮೀನಿನ ಕುಲದ ಅಜ್ಜಿ. ಯಾರ ಕುಲವಾದರೂ ಆಶ್ರಮದ ಮೇಟ್ರನ್‌ಗೆ ಗೊತ್ತಿಲ್ಲದಿದ್ದರೆ ವರದಿಯಲ್ಲಿ ‘ಆರೈಕೆ ಸಾಲದು’ ಎಂದು ಬಿತ್ತೆಂದೇ ಲೆಕ್ಕ. ಮಲಾವಿಯಿಂದ ಗಣಿ ಕೆಲಸಕ್ಕೆ ಬಂದು ಇಲ್ಲೇ ಹಣ್ಣಾದ ಮ್ವಾಲೆ ಅಜ್ಜ ಒಂದು ಸಲ, “ನನ್ನ ಕುಲ ಕೇಳೋರು ಈ ದೇಶದಲ್ಲಿ ಯಾರಿದಾರೆ ಮಗಳೇ, ಮುಂದಿನ ಮಂಚಕ್ಕೆ ಹೋಗು” ಎಂದರು. ಅಮ್ಮ ಏಳಲಿಲ್ಲ. “ನಮ್ಮಪ್ಪಂದು ಆನೆಯ ಕುಲ. ಅವರು ಹೋದ್ಮೇಲೆ ಅಪ್ಪ ಅಂತ ಕರೆಯೋಕೆ ನನಗೂ ಯಾರೂ ಇಲ್ಲ. ಆ ಕುಲ ನೀವೇ ಇಟ್ಕೊಳ್ಳಿ” ಎಂದು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಅಂದಿನಿಂದ ಆ ಆಶ್ರಮದ ಸಂದರ್ಶಕರ ಪುಸ್ತಕದಲ್ಲಿ ಪ್ರತಿ ಭಾನುವಾರ ಅವರ ರುಜು, ಪಕ್ಕದಲ್ಲಿ ‘ಸಂಬಂಧ: ಮಗಳು’. ಮೇಟ್ರನ್ ಮಾತ್ರ ತಲೆಯ ಮೇಲೆ ಕೈಹೊತ್ತು ಕೂತಿದ್ದಾರೆ: “ಬರೀ ಅಧಿಕಾರಿಯಾಗಿದ್ದಾಗ ವರ್ಷಕ್ಕೆರಡು ಸಲ ಮುಚ್ಚಳ ತೆಗೀತಿದ್ರು, ಮಗಳಾದ್ಮೇಲೆ ವಾರವಾರಾನೂ ತೆಗೀತಾರಲ್ಲಪ್ಪ!”