ಗೆಲುವಿಗೆ ಹೆದರುವ ಖಜಾಂಚಿ

ವಿಶಾಖಪಟ್ಟಣದಲ್ಲಿ ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಬ್ಯಾಂಕಿನವನಿದ್ದ, ನಮ್ಮ ಧಾರವಾಡದ ಕಡೆಯವನೇ. ಬಂದರಿನ ಹುಡುಗರ ಫುಟ್‌ಬಾಲ್ ಕ್ಲಬ್ಬಿಗೆ ಖಜಾಂಚಿ. ಗೋಲಾದಾಗ ಊರೆಲ್ಲ ಕುಣಿದರೆ ಇವನು ಅಂಗಿಯ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಸೋತ್ರ ರೊಕ್ಕ ಕೊಡೋ ಸಾವುಕಾರ ಓಡಿಹೋಗ್ತಾನ್ರಿ, ಗೆದ್ರ ಮುಂದಿನ ಊರಿಗೆ ಟಿಕೆಟ್ ತಗೀಬೇಕ್ರಿ." ದಿನಾ ಇದೇ ಮಂತ್ರ.

ವಿಜಯವಾಡದ ಪಂದ್ಯಕ್ಕೆ ಹೋಗುವಾಗ ಅದೇ ಸಂಜೆಯ ರೈಲಿಗೆ ವಾಪಸು ಟಿಕೆಟ್ಟನ್ನೂ ತೆಗೆಸಿದ್ದ. ಸೋಲಿನ ಮೇಲೆ ಅಷ್ಟು ನಂಬಿಕೆ! ಸಂಜೆ ಫೋನು ಬಂತು, ಸಾವಿನ ಸುದ್ದಿ ಹೇಳುವ ದನಿ.

"ಅಜ್ಜೀ, ಗೆದ್ದಬಿಟ್ವಿರಿ. ನಾಳೆ ಫೈನಲ್. ಇಲ್ಲೇ ಪಟಮಟದಾಗ ನಿಮ್ಮ ಮಗಳ ಮನಿ ಐತಲ್ರಿ?"

"ಎಷ್ಟು ಮಂದಿ?"

"ಹದಿನಾಲ್ಕು."

ಮಗಳು ನನ್ನನ್ನು ಬೈದು, ಅವರಿಗೆ ಅನ್ನ ಹಾಕಿ, ಮಾಳಿಗೆಯ ಮೇಲೆ ಮಲಗಿಸಿದಳು. ಬೆಳಿಗ್ಗೆ ಮತ್ತೆ ಫೋನು: "ದೇವರಿಗೆ ದೀಪಾ ಹಚ್ರಿ."

"ಗೆಲ್ಲಲಿ ಅಂತನೋ, ಸೋಲಲಿ ಅಂತನೋ?"

"ಫೈನಲ್ ಆದಮ್ಯಾಲೆ ಮುಂದ ಯಾವ ಊರೂ ಇಲ್ಲಲ್ರಿ. ಗೆಲ್ಲಲಿ!"

ಅವನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ದೀಪ ಹಚ್ಚಿದೆ, ಗೆದ್ದರು. ಮರುದಿನ ಕಪ್ ಹಿಡಿದು ಬಂದವನು ನನ್ನ ಹೊಸ್ತಿಲ ಮೇಲೆ ಕುಸಿದು ಕೂತ.

"ಗೆದ್ದಾವ್ರು ಕೊಲ್ಕತ್ತಾಕ್ಕ ಹೋಗಬೇಕಂತ್ರಿ. ಅಜ್ಜೀ, ಅಲ್ಲಿ ನಿಮ್ಮವರು ಯಾರಾದ್ರೂ ಅದಾರೇನ್ರಿ?"