ಅತ್ತೆಯ ಮೂಗು, ಸೊಸೆಯ ಸಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಿಪೋದ ಅಂಗಳದಲ್ಲಿ ಮೊದಲ ಪಾಳಿಯ ಬಸ್ಸುಗಳು ಒಂದೊಂದಾಗಿ ಕೆಮ್ಮಿ, ಹೊಗೆ ಬಿಟ್ಟು, ಗೇಟಿನತ್ತ ಹೊರಳುತ್ತಿವೆ. ಹಳೇ ಟೈರುಗಳನ್ನು ಗುಡ್ಡೆ ಹಾಕಿರುವ ಶೆಡ್ಡಿನ ಪಕ್ಕದಲ್ಲೇ ಕ್ಯಾಂಟೀನಿನ ಅಡುಗೆಮನೆ. ಒಳಗೆ ದೊಡ್ಡ ಕಾವಲಿಯ ಮೇಲೆ ಒಣಮೆಣಸಿನಕಾಯಿ ಹುರಿಯುತ್ತಿದೆ. ಘಾಟಿಗೆ ಅಂಗಳದಲ್ಲಿ ನಿಂತ ಕಂಡಕ್ಟರುಗಳೂ ಸೀನುತ್ತಿದ್ದಾರೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೆಣಸಿನಕಾಯಿ ಕೈಯಾಡಿಸುತ್ತಾ ಕೂಗುತ್ತಾರೆ.

"ಅತ್ತೆ, ಈಗ?"

ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತ ಮುದುಕಿ ಕಣ್ಣು ಮುಚ್ಚಿ ಮೂಗೆತ್ತುತ್ತಾರೆ. "ಇನ್ನೂ ಹಸಿ."

"ಈಗ?"

"ತಡಿ ಅಂದ್ನಲ್ಲ. ಮದ್ವೆ ಆಗಿ ಬಂದಾಗಿನಿಂದ ಇದೇ ಆತುರ ನಿಂದು."

ಸೊಸೆ ಕಾಯುತ್ತಾರೆ. ಹೊರಗೆ ಇನ್ನೊಂದು ಬಸ್ಸು ಹೊರಡುತ್ತದೆ. ಮುದುಕಿಯ ಮೂಗಿನ ಹೊಳ್ಳೆ ಅರಳುತ್ತದೆ. "ಇಳ್ಸು, ಇಳ್ಸು! ಇನ್ನೊಂದು ಉಸಿರು ಬಿಟ್ರೆ ಕಮರತ್ತೆ!"

ಕಾವಲಿ ಕೆಳಗಿಳಿಯುತ್ತದೆ. ಮೆಣಸಿನಕಾಯಿ ಹುಣಸೆಬೀಜದ ಬಣ್ಣಕ್ಕೆ ಬಂದು ನಿಂತಿದೆ. ಸೊಸೆ ಬಟ್ಟೆ ಬಿಚ್ಚಿ, ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ ನಗುತ್ತಾರೆ. "ನೋಡಿ, ಘಾಟು ನನಗೂ ಗೊತ್ತಾಗುತ್ತೆ. ಕೆಮ್ಮು ಬರುತ್ತೆ, ಕಣ್ಣು ಉರಿಯುತ್ತೆ. ವಾಸನೆ ಮಾತ್ರ ಇಲ್ಲ. ಒಂಚೂರೂ ಇಲ್ಲ."

ಇವರನ್ನು ಇಡೀ ಡಿಪೋ ಕರೆಯುವುದು ಸೌಟಕ್ಕ ಎಂದು. ದಿನಕ್ಕೆ ನಾನೂರು ಜನರ ಊಟಕ್ಕೆ ಸೌಟು ಹಿಡಿಯುವ ಈ ಅಡುಗೆಯವರ ಮೂಗು ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿಲ್ಲ. ಆ ಕೆಲಸ ಅತ್ತೆಯ ಪಾಲಿಗೆ ಬಂದಿದೆ. ಇಬ್ಬರೂ ಸೇರಿ ವಾರಕ್ಕೆರಡು ದಿನ ಕುದಿಸುವ ಸಾರು ಥಾಯ್ಲೆಂಡಿನದೂ ಹೌದು, ಮೆಕ್ಸಿಕೋದ್ದೂ ಹೌದು. ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ, ಕಪ್ಪು ಬೀನ್ಸ್ ಕಾಳು, ಮೆಕ್ಕೆಜೋಳ ಮೆಕ್ಸಿಕೋ ಕಡೆಯವು. ತೆಂಗಿನ ಹಾಲು, ನಿಂಬೆಹುಲ್ಲು, ಹಸಿಮೆಣಸು ಥಾಯ್ಲೆಂಡ್ ಕಡೆಯವು. ನಿಂಬೆಹಣ್ಣು ಎರಡೂ ಕಡೆಯದು. ಎರಡು ದಾರಿ ಕೂಡುವ ಜಾಗವಾದ್ದರಿಂದ ಡ್ರೈವರುಗಳು ಇದಕ್ಕಿಟ್ಟ ಹೆಸರು 'ಜಂಕ್ಷನ್'.

ಸೌಟಕ್ಕ ಈ ಕ್ಯಾಂಟೀನಿಗೆ ತರಕಾರಿ ಹೆಚ್ಚಲು ಬಂದವರು. ಹೆಚ್ಚುತ್ತಾ ನೋಡಿ ಕಲಿತು, ಹತ್ತು ವರ್ಷದಲ್ಲಿ ಮುಖ್ಯ ಅಡುಗೆಯವರಾದರು. ಗಂಡ ಇದೇ ಡಿಪೋದಲ್ಲಿ, ಕೆಟ್ಟು ನಿಂತ ಬಸ್ಸುಗಳನ್ನು ಎಳೆದು ತರುವ ಲಾರಿಯ ಚಾಲಕ. ಬದುಕು ಸಲೀಸಾಗಿ ಸಾಗಿತ್ತು. ಹಾಗಿರುವಾಗ ಒಂದು ಜ್ವರ ಬಂತು. ವಾರದಲ್ಲಿ ಜ್ವರ ಬಿಟ್ಟಿತು, ಹೋಗುವಾಗ ಮೂಗಿನ ಶಕ್ತಿಯನ್ನೂ ಹೊತ್ತುಕೊಂಡೇ ಹೋಯಿತು.

"ಏನು ತಿಂದ್ರೂ ಹತ್ತಿ ಜಗಿದ ಹಾಗೆ. ಯಾರಿಗೂ ಹೇಳ್ಲಿಲ್ಲ. ಅಡುಗೆಯವಳಿಗೆ ವಾಸನೆ ಬರಲ್ಲ ಅಂದ್ರೆ ಡ್ರೈವರಿಗೆ ಕಣ್ಣು ಕಾಣಲ್ಲ ಅಂದ ಹಾಗಲ್ವಾ? ಕೈ ಅಳತೆ ಮೇಲೆ ನಡೆಸಿಬಿಡೋಣ ಅನ್ಕೊಂಡೆ."

ಕೆಲವು ವಾರ ನಡೆಯಿತು. ಒಂದು ಮಧ್ಯಾಹ್ನ, ಹಂಡೆಗೆ ಮಾರು ದೂರದಲ್ಲಿ ನಿಂತು ಯಾರದೋ ಮಾತಿಗೆ ನಗುತ್ತಿದ್ದಾಗ, ಊಟದ ಕೋಣೆಯಿಂದ ಡ್ರೈವರೊಬ್ಬರು ಓಡಿ ಬಂದರು. "ಅಕ್ಕ, ಏನೋ ಸೀದು ಹೋಗ್ತಿದೆ!" ಬೇಳೆ ತಳ ಹಿಡಿದು, ಕರಿಕಾಗಿ, ಕಹಿ ಇಡೀ ಹಂಡೆಗೆ ಏರಿತ್ತು. ಅಷ್ಟೂ ಚೆಲ್ಲಬೇಕಾಯಿತು. ಆ ಪಾಳಿಯವರು ಬ್ರೆಡ್ಡು ತಿಂದು ಬಸ್ಸು ಹತ್ತಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಸೌಟಕ್ಕ.

ನಿಜ ಹೊರಬಿತ್ತು. ಕ್ಯಾಂಟೀನಿನ ಮೇಲ್ವಿಚಾರಕರು ಕೆಟ್ಟ ಮನುಷ್ಯರೇನಲ್ಲ. ಆದರೂ ಅವರು ಕೇಳಲೇಬೇಕಾದ ಪ್ರಶ್ನೆ ಒಂದಿತ್ತು. "ಅಡುಗೆ ಸೀದರೆ ಸೀಯಲಿ ಅಕ್ಕ. ಗ್ಯಾಸ್ ಸೋರಿದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಮರುದಿನದಿಂದ ಸೌಟು ಬೇರೆಯವರ ಕೈಗೆ ಹೋಯಿತು. ಸೌಟಕ್ಕ ಪಾತ್ರೆ ತೊಳೆಯುವ ತೊಟ್ಟಿಗೆ ಬಂದರು. ತಾವೇ ಬಳಸುತ್ತಿದ್ದ ಹಂಡೆಗಳನ್ನು, ಬೇರೆಯವರು ಮಾಡಿದ ಅಡುಗೆಯ ಜಿಡ್ಡು ಹೋಗುವಂತೆ ಉಜ್ಜುತ್ತಾ ವರ್ಷ ಕಳೆದರು.

ಅದಕ್ಕಿಂತ ಹೆಚ್ಚು ಅವರನ್ನು ಕಂಗೆಡಿಸಿದ್ದು ಮನೆಯಲ್ಲಿ ಆದ ಬದಲಾವಣೆ. ಅತ್ತೆಗೆ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಮೂಗು ಮಾತ್ರ ಬೀದಿಯ ಆ ತುದಿಯಲ್ಲಿ ಹಾಲು ಉಕ್ಕಿದರೆ ಈ ತುದಿಯಲ್ಲಿ ಹೇಳುವಂಥದ್ದು. ಮದುವೆಯಾದ ದಿನದಿಂದ ಸೊಸೆಯ ಅಡುಗೆಯಲ್ಲಿ ಅವರು ಕೊಂಕು ಹುಡುಕದ ಊಟವಿರಲಿಲ್ಲ. ಒಗ್ಗರಣೆ ಹೊತ್ತಿತು, ಉಪ್ಪು ಮುಂದಾಯಿತು, ಸೊಪ್ಪು ನಿನ್ನೆಯದು. ಸೊಸೆಯ ಮೂಗು ಹೋದ ಮೇಲೆ ಅವರು ಸುಮ್ಮನಾದರು. ತಟ್ಟೆಗೆ ಹಾಕಿದ್ದನ್ನು ತಿಂದು ಎದ್ದು ಹೋಗತೊಡಗಿದರು.

"ಅತ್ತೆ ತಪ್ಪು ಹೇಳೋದು ನಿಲ್ಲಿಸಿದ್ರಲ್ಲ, ಆಗ ನನಗೆ ನಿಜವಾಗಿ ಭಯ ಆಯ್ತು. ನನ್ನ ಕತೆ ಮುಗೀತು ಅನ್ಕೊಂಡೆ."

"ಮತ್ತೇನು ಮಾಡ್ಲಿ?" ಎನ್ನುತ್ತಾರೆ ಅತ್ತೆ, ಬಾಗಿಲ ಬಳಿಯಿಂದಲೇ. "ಬಿದ್ದವಳ ಮೇಲೆ ಕಲ್ಲು ಹಾಕ್ತಾರಾ ಯಾರಾದ್ರೂ? ಎದ್ದು ನಿಲ್ಲಲಿ, ಆಮೇಲೆ ನೋಡ್ಕೊಳ್ಳೋಣ ಅಂತ ಬಾಯಿ ಕಟ್ಕೊಂಡಿದ್ದೆ. ಅದೆಷ್ಟು ಕಷ್ಟ ಗೊತ್ತಾ?"

ಆ ಹೊತ್ತಿಗೆ ರಜೆಯಲ್ಲಿ ಬಂದರು ಸೌಟಕ್ಕನ ತಮ್ಮ. ಅವರು ಸರಕು ಹಡಗುಗಳಲ್ಲಿ ಅಡುಗೆಯವರು. ಒಂದು ಹಡಗಿನಲ್ಲಿ ಥಾಯ್ಲೆಂಡಿನ ಬಾಣಸಿಗನ ಕೈಕೆಳಗೆ, ಇನ್ನೊಂದರಲ್ಲಿ ಮೆಕ್ಸಿಕೋದವನ ಕೈಕೆಳಗೆ ಕೆಲಸ ಕಲಿತವರು. ಅಕ್ಕನ ಮುಖ ನೋಡಲಾರದೆ ಒಂದು ಭಾನುವಾರ ಎರಡೂ ಅಡುಗೆ ಮಾಡಿ ಎರಡು ಬಟ್ಟಲು ಮುಂದಿಟ್ಟರು. ಒಂದರಲ್ಲಿ ಹುಳಿ-ಖಾರದ ತೆಂಗಿನ ಹಾಲಿನ ಸಾರು. ಇನ್ನೊಂದರಲ್ಲಿ ಹೊಗೆಮೆಣಸಿನ ಕಾಳಿನ ಸಾರು.

ಸೌಟಕ್ಕ ಮೊದಲ ಚಮಚ ಬಾಯಿಗಿಟ್ಟರು. ವಾಸನೆ ಬರಲಿಲ್ಲ. ಆದರೆ ಹುಳಿ ದವಡೆಯನ್ನು ಚುರ್ರೆನಿಸಿತು. ಖಾರ ನಾಲಿಗೆಯಿಂದ ಕಿವಿಯವರೆಗೂ ಹತ್ತಿತು. ತೆಂಗಿನ ಹಾಲು ಹಿಂದಿನಿಂದ ಬಂದು ಅದನ್ನು ತಣಿಸಿತು. ಇನ್ನೊಂದು ಬಟ್ಟಲಿನ ಕಾಳು ಹಲ್ಲಿಗೆ ಮೆತ್ತಗೆ ಸಿಕ್ಕಿತು, ಜೋಳ ಸಿಹಿಯಾಗಿ ಒಡೆಯಿತು. "ಒಂದು ವರ್ಷದ ಮೇಲೆ ಬಾಯಲ್ಲಿ ಏನೋ ನಡೀತಿದೆ ಅನ್ನಿಸ್ತು. ಅಳ್ತಿದ್ದೆ. ನನ್ನ ತಮ್ಮ ಖಾರ ಜಾಸ್ತಿ ಆಯ್ತೇನೋ ಅಂತ ನೀರು ತರೋಕೆ ಓಡಿದ."

ತಮ್ಮ ನೀರು ತರುವಷ್ಟರಲ್ಲಿ ಸೌಟಕ್ಕ ಒಂದು ಬಟ್ಟಲನ್ನು ಇನ್ನೊಂದಕ್ಕೆ ಸುರಿದಿದ್ದರು.

"ಅಯ್ಯೋ, ಏನು ಮಾಡ್ದೆ ಅಕ್ಕ! ಅಲ್ಲಿಂದ ಇಲ್ಲಿಗೆ ಒಂದು ಇಡೀ ಸಮುದ್ರ ಇದೆ!"

"ನಿನ್ನ ಹಡಗು ದಾಟುತ್ತಲ್ಲ. ನನ್ನ ಸಾರು ದಾಟಬಾರದಾ?"

ಅಷ್ಟರಲ್ಲಿ ಒಳಕೋಣೆಯಿಂದ ಅತ್ತೆಯ ದನಿ ಬಂತು. "ಯಾರದು ಅಲ್ಲಿ? ಏನು ಮಾಡಿದ್ರಿ ಈಗ? ಇಲ್ಲೀತನಕ ಏನೋ ಒಂಥರಾ ಇತ್ತು, ಈಗ ಒಳ್ಳೇದಾಯ್ತು." ಅಕ್ಕ-ತಮ್ಮ ಮುಖ ಮುಖ ನೋಡಿಕೊಂಡರು. ಆ ಬಾಯಿಂದ 'ಒಳ್ಳೇದು' ಎಂಬ ಮಾತನ್ನು ಸೊಸೆ ಕೇಳಿದ್ದು ಅದೇ ಮೊದಲು.

ಬಟ್ಟಲಿನಲ್ಲಿ ಕೂಡಿದ್ದು ಪಾತ್ರೆಯಲ್ಲಿ ಅಷ್ಟು ಸುಲಭಕ್ಕೆ ಕೂಡಲಿಲ್ಲ. ಕುದಿಯುವಾಗಲೇ ನಿಂಬೆರಸ ಬಿದ್ದು ತೆಂಗಿನ ಹಾಲು ಒಡೆಯಿತು. ಕಾಳಿನ ಮಂದ ರುಚಿಯೊಳಗೆ ನಿಂಬೆಹುಲ್ಲು ಮುಳುಗಿಹೋಯಿತು. ಹಡಗಿಗೆ ತಮ್ಮ ಮರಳಿದ ಮೇಲೂ ಅತ್ತೆ-ಸೊಸೆ ಬಿಡಲಿಲ್ಲ. ಒಲೆಯ ಪಕ್ಕಕ್ಕೇ ಅತ್ತೆಯ ಕುರ್ಚಿ ಬಂತು. ಕಟ್ಟಿಟ್ಟಿದ್ದ ಬಾಯಿ ಬಿಚ್ಚಿಕೊಂಡಿತು. "ಹುಲ್ಲು ಸತ್ತೋಗಿದೆ, ಇಷ್ಟು ಬೇಗ ಯಾಕೆ ಹಾಕ್ದೆ?" "ಮೆಣಸಿನಕಾಯಿ ಒಂದೇ ಕಿರುಚ್ತಿದೆ, ಉಳಿದವರೆಲ್ಲ ಎಲ್ಲಿ?" ಸೊಸೆ ಅತ್ತೆಯ ಮೂಗಿನಿಂದ ಬಂದ ತೀರ್ಪು ಕೇಳಿಸಿಕೊಂಡು, ನಾಲಿಗೆಯಲ್ಲಿ ಹುಳಿ-ಉಪ್ಪು ನೋಡಿಕೊಂಡು, ಕೈ ತಿದ್ದಿಕೊಂಡರು. ಅರೆದ ಮೆಣಸನ್ನು ಮೊದಲು ಗಟ್ಟಿ ತೆಂಗಿನ ಹಾಲಿನಲ್ಲೇ ಹುರಿಯುವುದು, ಜಜ್ಜಿದ ನಿಂಬೆಹುಲ್ಲನ್ನು ಕಟ್ಟು ಕಟ್ಟಿ ನಡುವೆ ಇಳಿಬಿಡುವುದು, ಒಲೆ ಆರಿಸಿದ ಮೇಲೆಯೇ ನಿಂಬೆ ಹಿಂಡುವುದು ಎಲ್ಲವೂ ಹಾಗೇ ಗೊತ್ತಾದವು.

ಪರೀಕ್ಷೆಯ ದಿನ ತಾನಾಗಿ ಬಂತು. ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕರನ್ನು ಸನ್ಮಾನಿಸಲು ಎಲ್ಲ ಡಿಪೋಗಳವರೂ ಇಲ್ಲಿ ಸೇರುವುದಿತ್ತು. ಹಿಂದಿನ ಸಂಜೆ ಹೊಸ ಅಡುಗೆಯವರು ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ನಾನೂರಕ್ಕೂ ಮೀರಿದ ಜನರ ಊಟ. ಮೇಲ್ವಿಚಾರಕರು ಫೋನು ಹಿಡಿದು ಅಡುಗೆಮನೆಯಲ್ಲಿ ಶತಪಥ ಹಾಕುತ್ತಿದ್ದರು. ತೊಟ್ಟಿಯ ಬಳಿ ಸೌಟಕ್ಕ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡರು.

"ನಾನು ಮಾಡ್ತೀನಿ."

"ಅಕ್ಕ, ನಿಮಗೆ ವಾಸನೆ..."

"ವಾಸನೆ ಮನೆಯಲ್ಲಿದೆ. ಬೆಳಿಗ್ಗೆ ಕರ್ಕೊಂಡು ಬರ್ತೀನಿ."

ಮರುದಿನ ಸೌಟಕ್ಕನ ಗಂಡ ಓಡಿಸುವ, ಕೆಟ್ಟ ಬಸ್ಸು ಎಳೆಯುವ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಅತ್ತೆ ಡಿಪೋಗೆ ಬಂದಿಳಿದರು. ನಾಲ್ಕು ಒಲೆ, ನಾಲ್ಕು ಹಂಡೆ. ತರಕಾರಿ ಹೆಚ್ಚುವವರು, ತೊಳೆಯುವವರು ಎಲ್ಲರೂ ಅವರ ಕುರ್ಚಿ ಸುತ್ತಿಕೊಂಡೇ ಓಡಾಡಬೇಕಾಯಿತು. ಕಾಳು ಬೆಂದಿತ್ತು, ಮೆಣಸಿನ ಮಸಾಲೆ ಎಣ್ಣೆ ಬಿಟ್ಟಿತ್ತು. ಅತ್ತೆ ಇದ್ದಕ್ಕಿದ್ದಂತೆ ಕೈ ಎತ್ತಿದರು.

"ಒಲೆ ಆರ್ಸಿ. ಎಲ್ಲಾ ಆರ್ಸಿ! ಬಾಗಿಲು ತೆಗೀರಿ!"

ಅಷ್ಟು ಮಸಾಲೆಯ ಘಮದ ನಡುವೆ ಬೇರೆ ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಮೂಲೆಯ ಸಿಲಿಂಡರಿನ ಕೊಳವೆ ಸಂದಿನಲ್ಲಿ ಸಡಿಲವಾಗಿ ಗ್ಯಾಸ್ ಸೋರುತ್ತಿತ್ತು. ಸೋಪಿನ ನೀರು ಹಾಕಿದಾಗ ಬುಳುಬುಳು ಗುಳ್ಳೆ ಎದ್ದಿತು. ಮೆಕ್ಯಾನಿಕ್ ಬಂದು ಕೊಳವೆ ಬದಲಿಸಿ, ಕಿಟಕಿಗಳೆಲ್ಲ ತೆರೆದು ಗಾಳಿಯಾಡಿ, ಅತ್ತೆ "ಹ್ಞೂಂ, ಹಚ್ಚಿ" ಎನ್ನುವವರೆಗೆ ಯಾರೂ ಕಡ್ಡಿ ಗೀರಲಿಲ್ಲ. ಮೇಲ್ವಿಚಾರಕರು ಬೆವರೊರೆಸಿಕೊಂಡು ಆ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ.

ಹೊತ್ತು ಮೀರಿತ್ತು. ಹೊರಗೆ ತಟ್ಟೆ ಹಿಡಿದವರ ಸಾಲು ಅಂಗಳಕ್ಕೆ ಚಾಚಿತ್ತು. ತೆಂಗಿನ ಹಾಲು ಬಿತ್ತು, ಜೋಳ ಬಿತ್ತು, ಒಲೆ ಆರಿತು, ನಿಂಬೆ ಹಿಂಡಿದ್ದಾಯಿತು. ಮೇಲೆ ಕೊತ್ತಂಬರಿ, ಮೆಕ್ಕೆಜೋಳದ ರೊಟ್ಟಿಯ ಗರಿಗರಿ ಚೂರು. ಅತ್ತೆ ಒಂದೊಂದು ಹಂಡೆಯ ಮುಂದೂ ಬಾಗಿ ಮೂಸಿದರು. ನಾಲ್ಕನೆಯದರ ಮುಂದೆ ನಿಂತು, "ಬಡಿಸು" ಎಂದರು. ಅಷ್ಟೇ.

ಮೊದಲ ತಟ್ಟೆ ಹಿಡಿದವರು ಊಟದ ವಿಷಯಕ್ಕೆ ತಕರಾರು ತೆಗೆಯುವುದರಲ್ಲಿ ಹೆಸರಾದ ಹಿರಿಯ ಚಾಲಕರು. "ಏನಿದು, ಯಾವ ದೇಶದ್ದು?" ಎಂದು ಕೇಳಿದವರು ಉತ್ತರಕ್ಕೆ ಕಾಯಲಿಲ್ಲ. ಊಟದ ಕೋಣೆ ತುಂಬಿತು. ಬರೀ ಚಮಚದ ಸದ್ದು, ಮೂಗು ಸೇದುವ ಸದ್ದು. ಸ್ವಲ್ಪ ಹೊತ್ತಿಗೆ ಅದೇ ಹಿರಿಯರು ಖಾಲಿ ತಟ್ಟೆ ಹಿಡಿದು ಮತ್ತೆ ಸಾಲಿನ ತುದಿಯಲ್ಲಿದ್ದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಹತ್ತು ಜನ. ಕೊನೆಗೆ ಹಂಡೆಯನ್ನು ವಾಲಿಸಿ ಕೆರೆದದ್ದಾಯಿತು. ಊಟದ ನಂತರ ಸನ್ಮಾನಕ್ಕೆ ತಂದಿದ್ದ ಹಾರಗಳಲ್ಲಿ ಒಂದನ್ನು ಯಾರೋ ತಂದು ಅತ್ತೆಯ ಕೊರಳಿಗೆ, ಇನ್ನೊಂದನ್ನು ಸೊಸೆಯ ಕೊರಳಿಗೆ ಹಾಕಿದರು. ಅಪಘಾತವಿಲ್ಲದೆ ಓಡಿಸಿದವರಿಗೆ ಎರಡು ಹಾರ ಕಡಿಮೆ ಬಿದ್ದವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಸಂಜೆ ಸೌಟಕ್ಕ ಅಭ್ಯಾಸಬಲದಿಂದ ತೊಟ್ಟಿಗೆ ಹೋಗಿ ನಲ್ಲಿ ತಿರುಗಿಸಿದರು. ಮೇಲ್ವಿಚಾರಕರು ಬಂದು ನಲ್ಲಿ ನಿಲ್ಲಿಸಿದರು. "ನಾಳೆಗೆ ಏನು ಅಡುಗೆ ಅಕ್ಕ?" ಎಂದಷ್ಟೇ ಕೇಳಿದರು.

ಮಣಿಕಟ್ಟು ಕೂಡಿದ ಮೇಲೆ ಮರಳಿದ ಅಡುಗೆಯವರು ಈಗ ಬೆಳಗಿನ ತಿಂಡಿ ನೋಡಿಕೊಳ್ಳುತ್ತಾರೆ, ಜಂಕ್ಷನ್ ದಿನ ಜೋಳ ಬಿಡಿಸಲು ತಾವಾಗಿ ಉಳಿಯುತ್ತಾರೆ. ಆ ದಿನಗಳಲ್ಲಿ ಈ ಡಿಪೋ ಹಾಯುವ ರೂಟು ಬೇಕೆಂದು ಬೇರೆ ಡಿಪೋದ ಚಾಲಕರು ಪಾಳಿ ಬದಲಿಸಿಕೊಳ್ಳುವುದುಂಟು. ಮೂರು ಡಿಪೋಗಳ ಅಡುಗೆಯವರು ಬಂದು ಕಲಿತು ಹೋಗಿದ್ದಾರೆ. ಯಾವ ಡಿಪೋದ್ದು ಹೆಚ್ಚು ರುಚಿ ಎಂಬ ಜಗಳ ಈಗ ಚಾಲ್ತಿಯಲ್ಲಿದೆ. ಅತ್ತೆಗೆ ಸಂಬಳವೂ, ಕೊರಳಿಗೆ ನೇತುಹಾಕುವ ಗುರುತಿನ ಚೀಟಿಯೂ ಸಿಕ್ಕಿದೆ. ಅದರಲ್ಲಿ 'ಅಡುಗೆ ಸಹಾಯಕಿ' ಎಂದಿರುವುದೇ ಅವರ ದೊಡ್ಡ ದೂರು. "ಸಹಾಯಕಿ ನಾನಾ? ಅವಳಲ್ವಾ?"

ನಾನು ಹೋದ ದಿನ ಊಟದ ಕೋಣೆಯಲ್ಲಿ ಡಿಪೋಗೆ ಸಂಬಂಧವಿಲ್ಲದ ಒಬ್ಬ ಶಾಲಾ ಶಿಕ್ಷಕಿ ಕೂತಿದ್ದರು. ಜ್ವರದ ಮೇಲೆ ಅವರಿಗೂ ರುಚಿ-ವಾಸನೆ ಎರಡೂ ಹೋಗಿ, ಊಟವೆಂದರೆ ಬೇಸರವಾಗಿ, ಇಳಿದುಹೋಗಿದ್ದರಂತೆ. ಯಾರೋ ಚಾಲಕರು ಹೇಳಿ ಕಳಿಸಿದ್ದಾರೆ. ಸೌಟಕ್ಕ ತಾವೇ ಬಡಿಸಿ, ಎದುರಿಗೆ ಕೂತರು. "ವಾಸನೆ ಹುಡುಕ್ಬೇಡಿ. ಹುಳಿ ಎಲ್ಲಿ ಕಚ್ಚುತ್ತೆ ನೋಡಿ. ಆಮೇಲೆ ಖಾರ ಬರುತ್ತೆ, ಬರ್ಲಿ ಬಿಡಿ." ಶಿಕ್ಷಕಿ ಒಂದು ಚಮಚ ತಿಂದರು, ಇನ್ನೊಂದು ತಿಂದರು, ಆಮೇಲೆ ಬಟ್ಟಲು ಖಾಲಿ ಮಾಡಿದರು. ಅವರ ಕಣ್ಣಲ್ಲಿ ನೀರಿತ್ತು. ಸೌಟಕ್ಕ ನೀರು ತರಲು ಓಡಲಿಲ್ಲ. ಇನ್ನೊಂದು ಸೌಟು ಬಡಿಸಿದರು.

ಹಂಡೆ ಖಾಲಿಯಾಗಿ, ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ, ಮುಂದೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಸೌಟಕ್ಕ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು.

"ವಾಸನೆ ಒಂದಿನ ಬಂದರೂ ಬರಬಹುದು ಅಂದಿದ್ದಾರೆ ಡಾಕ್ಟ್ರು. ಬಂದ್ರೆ ಈ ಸಾರು ಒಂದ್ಸಲ ಮೂಸಿ ನೋಡ್ಬೇಕು. ಇಷ್ಟು ದಿನ ಮಾಡಿದ್ದೀನಿ, ಇದರ ವಾಸನೆ ಹೇಗಿರುತ್ತೆ ಅಂತ ನನಗೇ ಗೊತ್ತಿಲ್ಲ ನೋಡಿ." ನಕ್ಕರು. "ಬರದೇ ಇದ್ರೂ ಪರವಾಗಿಲ್ಲ. ಚೆನ್ನಾಗೇ ಇರುತ್ತೆ. ನಾನೂರು ಜನ ಸೇರಿ ಸುಳ್ಳು ಹೇಳ್ತಾರಾ?"