ತೂಕದ ಹಿಂದಿನ ದಿನದ ಊಟ

ಮಾರ್ಲಿಸ್ ಕುಬಿಚೆಕ್ ಸುಮ್ಮನೆ ಕೂರುವ ಜಾತಿಯವಳಲ್ಲ. ಅಯೋವಾದ ಆ ಸಣ್ಣ ಊರಲ್ಲಿ ರಸ್ತೆಗಳ ಉಸ್ತುವಾರಿ ಅವಳದ್ದು. ರಸ್ತೆ ನೋಡಿಕೊಂಡಿದ್ದರೆ ಸಾಲದೇ? ಸಾಲದು. ಅಂಗಡಿಯಲ್ಲಿ ಯಾರೋ ಕಲ್ಲಂಗಡಿ ಆರಿಸುತ್ತಿದ್ದರೆ ಕೈಯಿಂದ ಕಿತ್ತುಕೊಂಡು ಬೇರೆಯದನ್ನು ಕೊಡುವಳು. ಇಗರ್ಜಿಯ ಗಾಯನದಲ್ಲಿ ಪಕ್ಕದವರ ಸ್ವರ ತಿದ್ದುವಳು. ಅವಳ ಗಂಡ ರೇ ಮೂವತ್ತು ವರ್ಷಗಳಿಂದ ಕಾರು ಓಡಿಸುತ್ತಿದ್ದಾನೆ ಅನ್ನುವುದು ಬರೀ ಮಾತಿಗೆ. ಸ್ಟಿಯರಿಂಗ್ ಮಾತ್ರ ಅವನ ಕೈಯಲ್ಲಿ, ಬಾಯಿ ಪಕ್ಕದ ಸೀಟಿನಲ್ಲಿ.

ಇಂಥವಳಿಗೆ ಅಲ್ಲಿನ ಕಾಲೇಜಿನವರು ತಾವಾಗಿಯೇ ಹೋಗಿ ಆಟಗಾರ ಮಕ್ಕಳನ್ನು ಒಪ್ಪಿಸಿದರು, ಏನನ್ನಬೇಕು ಹೇಳಿ. ಹಳೇ ಆಟಗಾರರು ಈಗಿನವರಿಗೆ ಓದು, ಆಟ, ಮುಂದಿನ ಉದ್ಯೋಗ ಮೂರನ್ನೂ ತೂಗಿಸಿಕೊಂಡು ಹೋಗಲು ದಾರಿ ತೋರಿಸಬೇಕು ಎಂಬುದು ಏರ್ಪಾಡು. ಮಾರ್ಲಿಸ್ ಅದೇ ಕಾಲೇಜಿಗೆ ಸಾಫ್ಟ್‌ಬಾಲ್ ಆಡಿದವಳು. ಕೊನೆಯ ಪಂದ್ಯ ಮುಗಿದ ಮಾರನೇ ದಿನ ಹಾಸಿಗೆಯಿಂದ ಏಳಲು ಅವಳಿಗೆ ಕಾರಣವೇ ಇರಲಿಲ್ಲ. ನೀನು ಆಟಗಾರ್ತಿ ಅಲ್ಲದಿದ್ದರೆ ಇನ್ನೇನು ಎಂದು ಅಲ್ಲಿಯತನಕ ಯಾರೂ ಕೇಳಿರಲಿಲ್ಲ. ಒಂದು ವರ್ಷ ಚಪ್ಪಲಿ ಅಂಗಡಿಯಲ್ಲಿ ಕಂಡವರ ಕಾಲು ಅಳೆದಳು. ಅದಕ್ಕೇ ಸಿಕ್ಕ ಮಕ್ಕಳನ್ನೆಲ್ಲ ಅಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಈ ವರ್ಷ ಸಿಕ್ಕವನು ಡೇನ್ ಹಾರ್ಟ್‌ವಿಗ್. ಕುಸ್ತಿಪಟು, ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ. ಅಖಾಡದಲ್ಲಿ ಉಜ್ಜಿ ಉಜ್ಜಿ ಕಿವಿಗಳು ಮುದುಡಿ ಗಂಟುಕಟ್ಟಿದ್ದವು. ಪಂದ್ಯಕ್ಕೆ ಹೋಗುವ ಬಸ್ಸಿನಲ್ಲಿ ಲೆಕ್ಕ ಬಿಡಿಸುವುದು, ತಪ್ಪಿದ ಪರೀಕ್ಷೆಗೆ ಮೇಷ್ಟ್ರ ಹತ್ತಿರ ಮೊದಲೇ ಹೋಗಿ ಕೇಳಿಕೊಳ್ಳುವುದು, ಎಲ್ಲವನ್ನೂ ಮಾರ್ಲಿಸ್ ಹೇಳಿಕೊಟ್ಟಿದ್ದಳು. ಹೇಳಿಕೊಡದೆ ಉಳಿದದ್ದೆಂದರೆ ಉಸಿರಾಟ ಒಂದೇ ಇರಬೇಕು.

ಸೇತುವೆ ಕಟ್ಟುವ ವೆಂಡಲ್ ಬ್ರಾಂಟ್ ಬೇಸಿಗೆಗೆ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದ. ಒಳಗೆ ಕಾಲಿಟ್ಟವನಿಗೆ ಓದು ಮುಗಿದ ಮೇಲೆ ಅಲ್ಲೇ ನೌಕರಿ. ಡೇನ್‌ಗೆ ಚಿಕ್ಕಂದಿನಿಂದ ಸೇತುವೆಯ ಹುಚ್ಚು. ಆದರೆ ಬ್ರಾಂಟ್ ಸಂದರ್ಶನ ಮಾಡುವುದು ಕಚೇರಿಯಲ್ಲಲ್ಲ, ಊಟದ ಹೋಟೆಲಿನಲ್ಲಿ. ಅವನು ಗೊತ್ತುಮಾಡಿದ ದಿನವೋ, ಪಂದ್ಯದ ಹಿಂದಿನ ದಿನದ ಮಧ್ಯಾಹ್ನ. ಕುಸ್ತಿಯವರು ತೂಕ ಇಳಿಸಲು ನೀರಿಗೂ ಲೆಕ್ಕ ಹಾಕುವ ಹೊತ್ತು.

"ಮಾರನೇ ದಿನ ಬೆಳಿಗ್ಗೇನೇ ತೂಕ ನೋಡ್ತಾರೆ, ಮಾರ್ಲಿಸ್. ಏನೂ ತಿನ್ನೋ ಹಾಗಿಲ್ಲ. ಅವ್ರಿಗೆ ಹೇಳ್ಬಿಡ್ಲಾ?"

"ಹೇಳ್ತೀಯಾ? ಹೋದ ಬೇಸಿಗೇಲಿ ಒಬ್ಬ ಫುಟ್‌ಬಾಲಿನವನು ಪ್ರಾಕ್ಟೀಸು ಅಂತ ಅರ್ಧಕ್ಕೆ ಕೈಕೊಟ್ಟು ಹೋದ. ಆವತ್ತಿಂದ ಆ ಮನುಷ್ಯನಿಗೆ ಆಟಗಾರರು ಅಂದ್ರೆ ಮೈ ಉರಿಯುತ್ತೆ. ಕುಸ್ತಿ ಅನ್ನೋ ಮಾತೇ ನಿನ್ನ ಬಾಯಲ್ಲಿ ಬರಕೂಡದು. ಎರಡು ತುತ್ತು ತಿಂದ ಹಾಗೆ ಮಾಡು, ಮಿಕ್ಕಿದ್ದು ತಟ್ಟೇಲಿ ಆಡಿಸ್ತಾ ಇರು."

"ನನ್ನ ಕಿವಿ ನೋಡಿದ್ರೆ ಗೊತ್ತಾಗಲ್ವಾ?"

"ಕಿವಿ ಮುಚ್ಚೋ ಹಾಗೆ ಕೂದಲು ಬಾಚ್ಕೋ."

ಕಾಲೇಜು ತಂಡದ ಹೆಸರಿಲ್ಲದ ಬಟ್ಟೆ ಡೇನ್ ಹತ್ತಿರ ಒಂದೂ ಇರಲಿಲ್ಲ. ರೇಯ ಭಾನುವಾರದ ಕೋಟು ಅವನ ಮೈಗೇರಿತು. ಸಂದರ್ಶನದ ದಿನ ಮಾರ್ಲಿಸ್ ಅದೇ ಹೋಟೆಲಿನ ಕೌಂಟರಿನ ಸ್ಟೂಲಿನಲ್ಲಿ ಕಾಫಿ ಕುಡಿಯುವ ನೆಪದಲ್ಲಿ ಕೂತಳು. ಯಾರೂ ಕರೆದಿರಲಿಲ್ಲ.

ಬ್ರಾಂಟ್ ತನಗೂ ಡೇನ್‌ಗೂ ಟೆಂಡರ್‌ಲಾಯಿನ್ ಹೇಳಿದ. ಬಡಿದು ಅಗಲ ಮಾಡಿ ಗರಿಗರಿಯಾಗಿ ಕರಿದ ಹಂದಿಮಾಂಸ, ನಡುವೆ ಪುಟಾಣಿ ಟೊಪ್ಪಿಯ ಹಾಗೆ ಬನ್ನು. ಎರಡು ದಿನದಿಂದ ಉಪವಾಸವಿದ್ದವನ ಮುಂದೆ ಅದನ್ನು ಇಡುವುದೆಂದರೆ ಪಾಪ, ಶತ್ರುವಿಗೂ ಬೇಡ. ಡೇನ್ ನದಿ ಮಣ್ಣಿನ ಬಗ್ಗೆ, ಲಾರಿಗಳ ಭಾರದ ಬಗ್ಗೆ ಅರಳು ಹುರಿದಂತೆ ಉತ್ತರ ಕೊಟ್ಟ. ಬ್ರಾಂಟ್ ತಟ್ಟೆಯ ಕಡೆ ಬಗ್ಗಿದಾಗೆಲ್ಲ ಒಂದೊಂದು ತುಂಡು ಕೋಟಿನ ಜೇಬಿಗೆ ಇಳಿಯಿತು. ಮಾರ್ಲಿಸ್ ಕಣ್ಣಲ್ಲೇ ಸನ್ನೆ ಮಾಡಿದಳು, ಕೆಮ್ಮಿದಳು, ಚಮಚ ಬೀಳಿಸಿದಳು. ಹುಡುಗ ಈ ಕಡೆ ತಿರುಗಲೇ ಇಲ್ಲ. ರೇಯ ಬೂದು ಕೋಟಿನ ಮೇಲೆ ಎಣ್ಣೆಯ ಕಲೆ ಅಂಗೈಯಗಲ ಹರಡಿತು.

ಬ್ರಾಂಟ್ ಬಾಯಿ ಒರೆಸಿಕೊಂಡು ಕೇಳಿದ, "ನಿನ್ನ ಜೇಬಿಗೆ ಇನ್ನೂ ಸ್ವಲ್ಪ ಬಡಿಸ್ಬೇಕಾ? ಅದಕ್ಕೆ ಹಸಿವು ಜಾಸ್ತಿ ಇದ್ದ ಹಾಗಿದೆ."

ಡೇನ್‌ನ ಮುಖ ಕೆಂಪಾಯಿತು. ಮಾರ್ಲಿಸ್ ಅಷ್ಟರಲ್ಲಿ ಎದ್ದು ಮೇಜಿನ ಹತ್ತಿರ ಬಂದೇಬಿಟ್ಟಿದ್ದಳು. "ವೆಂಡಲ್, ಹುಡುಗನದ್ದೇನೂ ತಪ್ಪಿಲ್ಲ. ನಾನು ಹೇಳ್ತೀನಿ ಕೇಳು, ಇವನು..."

"ಮಾರ್ಲಿಸ್, ನೀವು ಕೂತ್ಕೊಳ್ಳಿ," ಅಂದ ಡೇನ್. ದನಿ ಮೆತ್ತಗಿತ್ತು. "ನಾನೇ ಹೇಳ್ತೀನಿ."

ಮಾರ್ಲಿಸ್ ವಾಪಸು ಹೋಗಿ ಸ್ಟೂಲಿನಲ್ಲಿ ಕೂತಳು. ರೇ ಅಲ್ಲಿದ್ದಿದ್ದರೆ ತನ್ನ ಕಣ್ಣನ್ನು ತಾನೇ ನಂಬುತ್ತಿರಲಿಲ್ಲ.

"ನಾನು ಕುಸ್ತಿ ಆಡ್ತೀನಿ ಸರ್. ನಾಳೆ ತೂಕ ಹೆಚ್ಚಾದ್ರೆ ನನ್ನನ್ನ ಅಖಾಡಕ್ಕೆ ಇಳಿಸಲ್ಲ, ತಂಡಕ್ಕೆ ಹೊಡೆತ. ಅದಕ್ಕೇ ತಿನ್ಲಿಲ್ಲ. ಬೇಸಿಗೇಲೂ ಬೆಳಿಗ್ಗೆ ಪ್ರಾಕ್ಟೀಸು ಇರುತ್ತೆ, ಅದನ್ನ ನಾನು ಬಿಡಲ್ಲ. ನಿಮ್ಮ ಕೆಲಸಾನೂ ಅರ್ಧಕ್ಕೆ ಬಿಡಲ್ಲ. ಅದು ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ."

ಬ್ರಾಂಟ್ ಅವನನ್ನೇ ನೋಡಿದ. "ನಾಳೆ ನನ್ನ ಸೇತುವೇಲಿ ತೊಲೆ ಬಿರುಕು ಬಿಟ್ಟಿದ್ರೆ, ಅದನ್ನೂ ಹೀಗೇ ಜೇಬಿಗೆ ಹಾಕ್ಕೊಳ್ತೀಯಾ?"

"ಇಲ್ಲ ಸರ್."

"ಮತ್ತೆ ಇದನ್ನ ಯಾಕೆ ಮುಚ್ಚಿಟ್ಟೆ?"

"ಕುಸ್ತೀನೇ ನನ್ನಲ್ಲಿರೋ ಬಿರುಕು ಅಂತ ಅಂದ್ಕೊಂಡಿದ್ದೆ. ಅಲ್ಲ ಸರ್."

ಮಾರ್ಲಿಸ್ ಕಾಫಿ ಲೋಟ ಕೆಳಗಿಟ್ಟಳು. ಹಾಗೆ ಅಂದುಕೊಳ್ಳಲು ಕಲಿಸಿದವಳು ತಾನೇ. ತನಗೆ ಆ ವಯಸ್ಸಿನಲ್ಲಿ ಆಟವೂ ಬಿಡಲ್ಲ, ಕೆಲಸವೂ ಬಿಡಲ್ಲ ಅನ್ನುವ ಈ ಒಂದು ಮಾತು ಬಂದಿದ್ದರೆ ಚಪ್ಪಲಿ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ ಅನ್ನಿಸಿತು.

ಬ್ರಾಂಟ್ ಡೇನ್‌ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಮಿಕ್ಕ ಮಾಂಸ ತಿನ್ನತೊಡಗಿದ. "ಪ್ರಾಕ್ಟೀಸು ಎಷ್ಟಕ್ಕೆ ಮುಗಿಯುತ್ತೆ?"

"ಏಳಕ್ಕೆ ಸರ್."

"ನಮ್ಮ ಕೆಲಸ ಶುರುವಾಗೋದು ಏಳೂವರೆಗೆ. ಸ್ನಾನ ಮಾಡ್ಕೊಂಡೇ ಬಾ."

ಕೌಂಟರಿನ ಹುಡುಗಿ ಕಾಫಿ ಬಗ್ಗಿಸಲು ಬಂದವಳು ಮಾರ್ಲಿಸ್ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡು ಗಾಬರಿಯಾದಳು. "ಏನಾಯ್ತು ಮೇಡಂ, ಹುಡುಗನಿಗೆ ಕೆಲಸ ಸಿಗಲಿಲ್ವಾ?"

"ಸಿಕ್ತು," ಅಂದಳು ಮಾರ್ಲಿಸ್. "ಅದಲ್ಲ ಕಣೇ. ನನಗೆ ಕೂತ್ಕೊಳ್ಳಿ ಅಂದ, ಕೇಳಿಸ್ಕೊಂಡ್ಯಾ? ನನಗೆ."